ಸುವಾರ್ತೆಗಳನ್ನು ಎಷ್ಟರಮಟ್ಟಿಗೆ ನಂಬಬಹುದು?

ಈ ಸಲದ ಎಪಿಸೋಡ್ ಕೇಳೋಕೆ ಪುರುಸೊತ್ತು ಸಿಗದವರಿಗಾಗಿ ಅದರ ಬರಹರೂಪ ಇಲ್ಲಿದೆ.

ಹೋದ ಕ್ರಿಸ್ಮಸ್‌ಗೆ ಹುಬ್ಬಳ್ಳಿಯಿಂದ ಫೋನ್ ಮಾಡಿದ ಅಮ್ಮ ನೇರವಾಗಿ ಕೇಳಿದಳು: "ನೀ ಇನ್ನೂ ನಂಬ್ತಿಯೋ, ಬರೇ ಹಬ್ಬಕ್ಕಷ್ಟ ಚರ್ಚಿಗೆ ಹೋಗ್ತಿಯೋ?" ನಾನು ಮಾತು ತೇಲಿಸಿದೆ. ಫೋನ್ ಇಟ್ಟ ಮೇಲೆ ನಾಚಿಕೆ ಆಯ್ತು. ದಿನವಿಡೀ ಡೇಟಾ ನಂಬಬಹುದಾ ಇಲ್ಲವಾ ಅಂತ ಪರೀಕ್ಷಿಸೋನು ನಾನು. ಚಿಕ್ಕಂದಿನಿಂದ ಕೇಳಿದ ನಾಲ್ಕು ಸುವಾರ್ತೆಗಳನ್ನು ಮಾತ್ರ ಒಮ್ಮೆಯೂ ಹಾಗೆ ನೋಡಿರಲಿಲ್ಲ.

ಮೊದಲು ನಕಲಿನ ಪ್ರಶ್ನೆ. ಮೂಲ ಪ್ರತಿ ಒಂದೂ ಉಳಿದಿಲ್ಲ, ಇರೋದೆಲ್ಲ ನಕಲಿನ ನಕಲು. ಆದರೆ ಗ್ರೀಕ್ ಹೊಸ ಒಡಂಬಡಿಕೆಯ 5,000ಕ್ಕೂ ಹೆಚ್ಚು ಹಸ್ತಪ್ರತಿಗಳಿವೆ. ಹೆಚ್ಚಿನವು ಮಧ್ಯಯುಗದವು, ಕೆಲವು ಬಹಳ ಹಳೆಯವು. ನಾನಿರುವ ಮ್ಯಾಂಚೆಸ್ಟರ್‌ನ ಜಾನ್ ರೈಲ್ಯಾಂಡ್ಸ್ ಗ್ರಂಥಾಲಯದಲ್ಲಿ ಕ್ರೆಡಿಟ್ ಕಾರ್ಡ್‌ಗಿಂತ ತುಸು ದೊಡ್ಡದಾದ ಒಂದು ಪಪೈರಸ್ ತುಣುಕಿದೆ. ಅದರಲ್ಲಿರೋದು ಯೋಹಾನನ ಸುವಾರ್ತೆಯಲ್ಲಿ ಪಿಲಾತನ ಮುಂದೆ ಯೇಸುವಿನ ವಿಚಾರಣೆ ನಡೆಯುವ ಭಾಗ. ಸಾಮಾನ್ಯವಾಗಿ ಅದನ್ನು 2ನೇ ಶತಮಾನದ್ದು ಅಂತಾರೆ. ಇನ್ನೂ ಸ್ವಲ್ಪ ಈಚಿನದಿರಬಹುದು ಅನ್ನುವವರೂ ಇದ್ದಾರೆ.

ಪ್ರತಿಗಳನ್ನು ಹೋಲಿಸಿದಾಗ ಆಮೇಲೆ ಸೇರಿದ್ದು ಯಾವುದು ಅಂತ ಕಾಣುತ್ತೆ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಕಥೆ ಯೋಹಾನನ ಅತಿ ಹಳೆಯ ಪ್ರತಿಗಳಲ್ಲಿಲ್ಲ. ಮಾರ್ಕನ ಕೊನೆಯ 12 ವಚನಗಳು 4ನೇ ಶತಮಾನದ ಸಿನೈಟಿಕಸ್ ಪ್ರತಿಯಲ್ಲಿಲ್ಲ. ಅಂದ್ರೆ, ಬಹುಪಾಲು ಪಠ್ಯ ನಮಗೆ ಸರಿಯಾಗೇ ತಲುಪಿದೆ. ಆದರೆ ಬ್ಯಾಕಪ್ ಸರಿಯಾಗಿದ್ದ ಮಾತ್ರಕ್ಕೆ ಒಳಗಿನ ಡೇಟಾ ನಿಜ ಅಂತಾಗಲ್ಲ, ಅಲ್ವಾ?

ಎರಡನೆಯದು ಸಾಕ್ಷಿಗಳ ಪ್ರಶ್ನೆ. ಸಂಡೇ ಸ್ಕೂಲಿನಲ್ಲಿ ನಾವು ನಾಲ್ಕು ಸಾಕ್ಷಿ ಅಂತ ಕಲಿತೆವು. ಆದರೆ ಮತ್ತಾಯ, ಲೂಕ ಇಬ್ಬರೂ ಮಾರ್ಕನ ಬರಹವನ್ನು ಬಳಸಿಕೊಂಡರು ಅನ್ನೋದು ಹೆಚ್ಚಿನ ವಿದ್ವಾಂಸರ ಮತ. ಹಾಗಾಗಿ ಮೂವರೂ ಒಂದೇ ಮಾತು ಹೇಳುವ ಕಡೆ ಅದನ್ನು ಮೂರು ಸಾಕ್ಷಿ ಅಂತ ಎಣಿಸೋಕಾಗಲ್ಲ. ತೊಡಕುಗಳೂ ಇವೆ. ಮತ್ತಾಯನ ಪ್ರಕಾರ ಯೇಸು ಹುಟ್ಟಿದ್ದು ಹೆರೋದನ ಕಾಲದಲ್ಲಿ. ಅವನು ಸತ್ತದ್ದು ಕ್ರಿ.ಪೂ. 4ರಲ್ಲಿ ಅಂತ ಸಾಮಾನ್ಯ ಲೆಕ್ಕ. ಲೂಕ ಹೇಳುವ ಕುರೇನ್ಯನ ಖಾನೇಷುಮಾರಿ ನಡೆದದ್ದು ಕ್ರಿ.ಶ. 6ರಲ್ಲಿ.

ಹಾಗಂತ ಎಲ್ಲಾ ಕಟ್ಟುಕಥೆ ಅನ್ನೋದೂ ಅವಸರದ ಮಾತೇ. ಪಿಲಾತನ ಕಾಲದಲ್ಲಿ ಕ್ರಿಸ್ತನಿಗೆ ಮರಣದಂಡನೆ ಆಯಿತು ಅಂತ ರೋಮನ್ ಇತಿಹಾಸಕಾರ ಟ್ಯಾಸಿಟಸ್ 2ನೇ ಶತಮಾನದ ಆರಂಭದಲ್ಲಿ ಬರೆದ. ಅವನಿಗೆ ಕ್ರೈಸ್ತರ ಮೇಲೆ ಪ್ರೀತಿಯೇನೂ ಇರಲಿಲ್ಲ. ಕಥೆ ಕಟ್ಟುವವರು ತಮ್ಮ ನಾಯಕ ಪೇತ್ರ ಮೂರು ಸಲ "ಅವನು ಯಾರೋ ಗೊತ್ತಿಲ್ಲ" ಅಂದದ್ದನ್ನು ಯಾಕೆ ಸೇರಿಸ್ತಾರೆ? ಹೆಂಗಸರ ಮಾತಿಗೆ ಅಷ್ಟು ಬೆಲೆಯಿಲ್ಲದ ಸಮಾಜದಲ್ಲಿ, ಖಾಲಿ ಸಮಾಧಿಯನ್ನು ಮೊದಲು ನೋಡಿದವರು ಹೆಂಗಸರು ಅಂತ ಯಾಕೆ ಬರೀತಾರೆ? ಇನ್ನು ಪೌಲ. ಶಿಲುಬೆಯಾಗಿ ಸುಮಾರು 25 ವರ್ಷಕ್ಕೇ ಕೊರಿಂಥದವರಿಗೆ ಬರೆದ ಪತ್ರದಲ್ಲಿ, ಎದ್ದುಬಂದ ಯೇಸುವನ್ನು ಕಂಡವರ ಪಟ್ಟಿ ಕೊಡ್ತಾನೆ. ತಾವು ಅವನನ್ನು ಕಂಡೆವು ಅಂತ ಆ ಜನ ಮನಸಾರೆ ನಂಬಿದ್ದರು ಅನ್ನೋದರಲ್ಲಿ ನನಗೆ ಅನುಮಾನ ಉಳಿದಿಲ್ಲ.

ಆದರೆ ಅವರು ಕಂಡದ್ದು ಏನು? ಇಲ್ಲಿಗೆ ಬಂದಾಗ ದಾಖಲೆ ಮುಗಿಯುತ್ತೆ. 1748ರಲ್ಲಿ ಡೇವಿಡ್ ಹ್ಯೂಮ್ ಹೇಳಿದ್ದು ಇಷ್ಟು: ಸಾಕ್ಷಿ ಹೇಳುವವರು ತಪ್ಪಿರುವ ಸಾಧ್ಯತೆ ಪವಾಡದ ಸಾಧ್ಯತೆಗಿಂತ ಯಾವಾಗಲೂ ಹೆಚ್ಚು. ಅದಕ್ಕೆ ಉತ್ತರ ಕೊಟ್ಟವರಲ್ಲಿ ರಿಚರ್ಡ್ ಪ್ರೈಸ್ ಒಬ್ಬ. ನಾನು ದಿನಾ ಬಳಸುವ ಬೇಯ್ಸ್ ಸೂತ್ರವನ್ನು, ಬೇಯ್ಸ್ ತೀರಿಕೊಂಡ ಮೇಲೆ 1763ರಲ್ಲಿ ಬೆಳಕಿಗೆ ತಂದವನೂ ಇವನೇ. ಎಷ್ಟೇ ಸಲ ನೋಡಿದರೂ ಕಾಣದ ಸಂಗತಿ ಅಸಾಧ್ಯ ಅಂತಾಗಲ್ಲ ಅನ್ನೋದು ಪ್ರೈಸ್‌ನ ವಾದ. ಅದೇ ಸೂತ್ರದಿಂದ ನನಗೆ ತಿಳಿದದ್ದು ಇದು: ದೇವರು ಇರಬಹುದು ಅಂತ ಮೊದಲೇ ಅಂದುಕೊಂಡವರಿಗೂ, ಇರೋಕೆ ಸಾಧ್ಯವೇ ಇಲ್ಲ ಅಂದುಕೊಂಡವರಿಗೂ ಅದೇ ಸಾಕ್ಷ್ಯದಿಂದ ಬೇರೆ ಬೇರೆ ಉತ್ತರ ಬರುತ್ತೆ. ಇಬ್ಬರೂ ಆ ಮೊದಲ ಅಂದಾಜನ್ನು ಬಚ್ಚಿಟ್ಟು, "ಇತಿಹಾಸವೇ ಹೀಗೆ ಹೇಳುತ್ತೆ" ಅಂದರೆ ಅದು ಮೋಸ.

ಇನ್ನು ಅಮ್ಮನ ವಿಷಯ. ಅವಳು ಹಸ್ತಪ್ರತಿಗಳ ಸುದ್ದಿ ಕೇಳಿದವಳಲ್ಲ. ಆಸ್ತಿ ಜಗಳದಲ್ಲಿ ತನಗೆ ಮೋಸ ಮಾಡಿದ ಅಣ್ಣ ಹಾಸಿಗೆ ಹಿಡಿದಾಗ, ಮೂರು ತಿಂಗಳು ದಿನಾ ಆಸ್ಪತ್ರೆಗೆ ಬುತ್ತಿ ಒಯ್ದವಳು. ಯಾಕೆ ಅಂತ ಕೇಳಿದ್ದಕ್ಕೆ, ಕ್ಷಮಿಸು ಅಂತ ಯೇಸು ಹೇಳಿದ್ದಾನಲ್ಲ ಅಂದಳು, ಅಷ್ಟೇ. ಸಮಾಧಿ ಖಾಲಿಯಾಗಿತ್ತು ಅನ್ನೋದಕ್ಕೆ ಇದು ಪುರಾವೆ ಅಲ್ಲ. ಇಂಥ ಔದಾರ್ಯ ಬೇರೆ ಧರ್ಮದವರಲ್ಲೂ, ಯಾವ ದೇವರನ್ನೂ ನಂಬದವರಲ್ಲೂ ಇದೆ. ಆದರೆ ಸುವಾರ್ತೆಗಳಲ್ಲಿ ಕಾಣುವ ಆ ಮನುಷ್ಯನ ಮಾತಿನ ಮೇಲೆ ಬದುಕು ಇಡಬಹುದಾ ಅನ್ನೋದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ ಬದುಕಿಯೇ ತಿಳೀಬೇಕು.

ಕೊನೆಗೆ ಅಮ್ಮನಿಗೆ ಫೋನ್ ಮಾಡಿದೆ. "ನಂಬ್ತೀನಮ್ಮ. ಆದ್ರ ಪ್ರೂವ್ ಮಾಡಾಕ ಬರಂಗಿಲ್ಲ," ಅಂದೆ.

"ಪ್ರೂವ್ ಮಾಡು ಅಂತ ಯಾರ್ ಕೇಳ್ಯಾರ?" ಅಂದಳು.

ನನ್ನ ಮೊದಲ ಅಂದಾಜು ಎಲ್ಲಿಂದ ಬಂತು ಅಂತ ನಿಮಗೀಗ ಗೊತ್ತು. ನೀವು ನಂಬಿದರೂ ಸರಿ, ನಂಬದಿದ್ದರೂ ಸರಿ, ನಿಮ್ಮದು ಎಲ್ಲಿಂದ ಬಂತು ಅಂತ ಒಮ್ಮೆ ಯೋಚಿಸಿ.