ಲೆಕ್ಕ ಯಾರ ಮುಂದೆ?

ಉರ್ದುವಿನ ‘ಶೌಕ್’ ಕನ್ನಡಕ್ಕೆ ಬರುವ ದಾರಿಯಲ್ಲಿ ‘ಶೋಕಿ’ಯಾಯಿತು. ಉಚ್ಚಾರ ಹೆಚ್ಚು ಬದಲಾಗಲಿಲ್ಲ, ಅರ್ಥ ಮಾತ್ರ ಮಗುಚಿ ಬಿತ್ತು. ಶೌಕ್ ಎಂದರೆ ಒಳಗಿನ ಹಂಬಲ. ಮನುಷ್ಯ ತನ್ನಷ್ಟಕ್ಕೆ ಸಾಕಿಕೊಂಡು ಬಂದ ಆಸೆ. ಪಾರಿವಾಳದ ಶೌಕ್, ಶಾಯರಿಯ ಶೌಕ್ ಎಂದು ಹಿರಿಯರು ಹೇಳುವಾಗ ಆ ಮಾತಿನಲ್ಲಿ ಗೌರವವಿರುತ್ತಿತ್ತು. ಕನ್ನಡದ ಶೋಕಿಗೆ ನೋಡುವವರು ಬೇಕು. ಯಾರೂ ಇಲ್ಲದ ಬಯಲಿನಲ್ಲಿ ಶೋಕಿ ಮಾಡಿದವರನ್ನು ನಾವಂತೂ ಕಂಡಿಲ್ಲ. (ಉರ್ದುವಿನ ‘ಶೌಕೀನ್’ ಎಂಬ ಪದಕ್ಕೂ ಸ್ವಲ್ಪ ಅತ್ತರಿನ ವಾಸನೆ ಇದೆಯಲ್ಲ ಎಂದು ಯಾರಾದರೂ ತಕರಾರು ತೆಗೆದರೆ ಒಪ್ಪುತ್ತೇವೆ.)

ಈ ಎರಡು ಪದಗಳ ನಡುವಿನ ಅಂತರ ಈಚೆಗೆ ನಮ್ಮನ್ನು ಕಾಡತೊಡಗಿದ್ದು ಸೈಕಲ್ಲಿನ ದೆಸೆಯಿಂದ. ತುಮಕೂರಿನಲ್ಲಿ ಬೆಳಗಿನ ಹೊತ್ತು ಹೆಗ್ಗೆರೆ, ಮಲ್ಲಸಂದ್ರ ದಾಟಿ ಗುಬ್ಬಿಯ ಕಡೆಗೋ, ಗೂಳೂರು, ಹೆಬ್ಬೂರಿನ ಮೇಲೆ ಕುಣಿಗಲ್ಲಿಗೋ ಸೈಕಲ್ ತುಳಿಯುವ ಯುವಕ ಯುವತಿಯರು ಕಾಣಸಿಗುತ್ತಾರೆ. ಹ್ಯಾಂಡಲಿನ ಮೇಲೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಜಿಪಿಎಸ್ ಯಂತ್ರ. ಎಷ್ಟು ದೂರ, ಎಷ್ಟು ವೇಗ, ಎಷ್ಟು ಏರು, ಎದೆಗೆ ಪಟ್ಟಿ ಕಟ್ಟಿಕೊಂಡರೆ ಹೃದಯ ಎಷ್ಟು ಬಡಿಯಿತು ಎಂಬುದನ್ನೂ ಅದು ಬರೆದಿಡುತ್ತದೆ. 10 ಸಾವಿರ ರೂಪಾಯಿಯೊಳಗೂ ಸಿಗುತ್ತದೆ, 50 ಸಾವಿರ ದಾಟಿದ್ದೂ ಇದೆ. ಯಾವುದನ್ನು ಕೊಳ್ಳಬೇಕೆಂದು ಪರಿಚಯದ ಎರಡು ಮೂರು ಮನೆಗಳಲ್ಲಿ ನಮ್ಮನ್ನು ಕೇಳಿದರು. ಕಥೆ ಬರೆಯುವವರಿಗೆ ಎಲ್ಲವೂ ಗೊತ್ತಿರುತ್ತದೆ ಎಂಬ ನಂಬಿಕೆ ಇನ್ನೂ ಉಳಿದಿರುವುದು ಸಂತೋಷದ ಸಂಗತಿ.

ಸೈಕಲ್ಲಿನ ದೂರ ಅಳೆಯುವ ಚಟ ಹೊಸದಲ್ಲ. 1895ರಲ್ಲೇ ಅಮೆರಿಕದ ಕರ್ಟಿಸ್ ವೀಡರ್ ಎಂಬಾತ ಚಕ್ರ ತಿರುಗಿದಂತೆಲ್ಲ ಅಂಕಿ ಉರುಳಿಸುವ ಪುಟ್ಟ ಯಂತ್ರ ಮಾಡಿದ್ದ. ಆಮೇಲೆ ಕಡ್ಡಿಗೆ ಅಯಸ್ಕಾಂತ ಕಟ್ಟಿ ಸುತ್ತು ಎಣಿಸುವ ಮೀಟರುಗಳು ಬಂದವು. ಅವುಗಳಿಗೆ ಚಕ್ರದ ಸುತ್ತಳತೆಯನ್ನು ನಾವೇ ಹೇಳಿಕೊಡಬೇಕು. ಅದರಲ್ಲಿ 1 ಸೆಂಟಿಮೀಟರ್ ತಪ್ಪಿದರೆ 100 ಕಿಲೋಮೀಟರಿಗೆ ಸುಮಾರು ಅರ್ಧ ಕಿಲೋಮೀಟರ್ ಏರುಪೇರು. ಜಿಪಿಎಸ್‌ಗೆ ಚಕ್ರದ ಹಂಗಿಲ್ಲ. 20 ಸಾವಿರ ಕಿಲೋಮೀಟರಿಗೂ ಎತ್ತರದಲ್ಲಿ ಸುತ್ತುವ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ಸಂಕೇತ ಸಿಕ್ಕರೆ ಸಾಕು. ಸಾರ್ವಜನಿಕರಿಗೆ ಬಿಡುವ ಸಂಕೇತವನ್ನು ಅಮೆರಿಕ ಸರ್ಕಾರ ಬೇಕೆಂದೇ ಕೆಡಿಸುತ್ತಿತ್ತು; 2000ದ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿತು. ಸೈಕಲ್ಲಿಗೆ ಈ ಯಂತ್ರ ನಿಜವಾಗಿ ಉಪಯೋಗಕ್ಕೆ ಬಂದದ್ದು ಆಮೇಲೆಯೇ.

ಎತ್ತರದ ಲೆಕ್ಕ ಇನ್ನೂ ಸ್ವಾರಸ್ಯಕರ. ಒಳ್ಳೆಯ ಯಂತ್ರಗಳು ವಾಯುಭಾರ ನೋಡಿ ಎತ್ತರ ಹೇಳುತ್ತವೆ. ನಮ್ಮ ಕಡೆ ವಾಯುಭಾರ ಬೆಳಿಗ್ಗೆ 10ರ ಸುಮಾರಿಗೆ ಹೆಚ್ಚು, ಸಂಜೆ 4ರ ಸುಮಾರಿಗೆ ಕಡಿಮೆ; ನಡುವೆ ಮೂರು ನಾಲ್ಕು ಮಿಲಿಬಾರ್ ಇಳಿಯುತ್ತದೆ. ಒಂದು ಮಿಲಿಬಾರ್ ಎಂದರೆ ಸುಮಾರು 9 ಮೀಟರ್. ಹಾಗಾಗಿ ತಿದ್ದಿಕೊಳ್ಳದ ಯಂತ್ರವೊಂದು ತುಮಕೂರಿನ ಮನೆಯ ಮೇಜಿನ ಮೇಲೆ ಕುಳಿತಲ್ಲೇ ಸಂಜೆಯೊಳಗೆ 25 ಮೀಟರ್ ಬೆಟ್ಟ ಹತ್ತಿರುತ್ತದೆ! ಅಂಕಿಯನ್ನು ಸತ್ಯವೆಂದು ತಲೆಯ ಮೇಲೆ ಹೊರುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಉಳಿದದ್ದು ಅಂಗಡಿಯವನೂ ಹೇಳಬಲ್ಲ ಮಾತು. 2019ರಲ್ಲಿ ಬಂದ ಗಾರ್ಮಿನ್ ಎಡ್ಜ್ 530 ಮತ್ತು 830 ಎರಡರ ಒಡಲೂ ಹೆಚ್ಚು ಕಡಿಮೆ ಒಂದೇ. ಮೊದಲನೆಯದಕ್ಕೆ ಗುಂಡಿ, ಎರಡನೆಯದಕ್ಕೆ ಮುಟ್ಟುವ ಪರದೆ. ಬೆವರಿದ ಬೆರಳಿಗೆ, ಮಳೆಗೆ ಗುಂಡಿಯೇ ವಾಸಿ. ವಾಹೂ ಯಂತ್ರವನ್ನು ಮೊಬೈಲಿನಿಂದ ಹೊಂದಿಸಿಕೊಳ್ಳಬೇಕು. ತೈವಾನಿನ ಬ್ರೈಟನ್, ಚೀನಾದ ಐಜಿಪಿಸ್ಪೋರ್ಟ್ ಅಗ್ಗ. ಗುಬ್ಬಿಗೆ ಹೋಗಿ ಬರಲು 40 ಕಿಲೋಮೀಟರ್, ಎರಡು ತಾಸಿನ ಮಾತು. ಅಷ್ಟಕ್ಕೆ ಎಂಥ ಬ್ಯಾಟರಿಯಾದರೂ ಆದೀತು. ಹುಟ್ಟಿ ಬೆಳೆದ ಊರಿನ ರಸ್ತೆಗೆ ನಕಾಶೆ ಯಾಕೆ?

ನಮಗೆ ಮುಖ್ಯವೆನಿಸಿದ್ದು ಬೇರೆ. ಸವಾರಿ ಮುಗಿದ ಮೇಲೆ ಆ ಲೆಕ್ಕ ಎಲ್ಲಿಗೆ ಹೋಗುತ್ತದೆ? ಮೊದಲ ಕಾಲದ ಮೀಟರಿನ ಅಂಕಿ ಸವಾರನ ಕಣ್ಣಿಗಷ್ಟೇ ಬೀಳುತ್ತಿತ್ತು. ಈಗ ಅದು ಸ್ಟ್ರಾವಾದಂಥ ಕಡೆ ಏರಿ, ಒಂದೇ ದಾರಿಯಲ್ಲಿ ತುಳಿದ ನೂರಾರು ಜನರ ಪಟ್ಟಿಯಲ್ಲಿ ಸಾಲಾಗಿ ನಿಲ್ಲುತ್ತದೆ. 2010ರಲ್ಲಿ ಅಮೆರಿಕದ ಬರ್ಕ್ಲಿಯ ಇಳಿಜಾರಿನಲ್ಲಿ ಸವಾರನೊಬ್ಬ, ತನ್ನ ಕೈತಪ್ಪಿದ ಮೊದಲ ಸ್ಥಾನವನ್ನು ಮರಳಿ ಪಡೆಯಲು ಹೋಗಿ ಕಾರಿಗೆ ಬಡಿದು ಸತ್ತ. ಮನೆಯವರು ಕಂಪನಿಯ ಮೇಲೆ ಹೂಡಿದ ದಾವೆ 2013ರಲ್ಲಿ ವಜಾ ಆಯಿತು. ಕಾನೂನಿನ ತೀರ್ಪು ಸರಿಯೇ ಇರಬಹುದು. ದೇವರಾಯನದುರ್ಗದ ತಿರುವುಗಳಲ್ಲಿ ಹುಡುಗರು ಇಳಿಯುವುದನ್ನು ನೋಡಿದಾಗ ನಮಗೆ ಆ ತೀರ್ಪು ನೆನಪಾಗುವುದಿಲ್ಲ, ಆ ಪಟ್ಟಿ ನೆನಪಾಗುತ್ತದೆ.

ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪುವಿನ ಅಶ್ವದಳದ ಹೆಸರಿನೊಂದಿಗೆ ಸೇರಿಕೊಂಡದ್ದು; ಆಮೇಲೆ ರೇಸಿನ ಕುದುರೆಗಳನ್ನು ಬೆಳೆಸಿತು. ರೇಸಿನ ಸೆಕೆಂಡುಗಳು ಮಾಲೀಕನ ಚಿಂತೆ. ಕುದುರೆ ಓಡುತ್ತದೆ, ಅಷ್ಟೆ. ಈ ಯಂತ್ರದ ಮುಂದೆ ಸವಾರ ತಾನೇ ಕುದುರೆ, ತಾನೇ ಮಾಲೀಕ. ತನ್ನ ಬೆನ್ನಿಗೆ ತಾನೇ ಚಾಟಿ.

ಎಣಿಸುವುದೇ ತಪ್ಪೆಂದಲ್ಲ. ಬ್ರೆವೆ ಎಂಬ ದೂರದ ಸವಾರಿಯಲ್ಲಿ 200 ಕಿಲೋಮೀಟರನ್ನು ಹದಿಮೂರೂವರೆ ತಾಸಿನಲ್ಲಿ, 600 ಕಿಲೋಮೀಟರನ್ನು 40 ತಾಸಿನಲ್ಲಿ ಮುಗಿಸಬೇಕು. ಆದರೆ ಅದು ಪಂದ್ಯವಲ್ಲ. ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ರ‍್ಯಾಂಕಿಲ್ಲ. ಅಲ್ಲಿ ಗಡಿಯಾರವಿದೆ, ಪೈಪೋಟಿಯಿಲ್ಲ. ಶೌಕ್ ಉಳಿದುಕೊಂಡಿರುವ ಜಾಗ ಎಂದು ನಾವು ಕರೆಯುವುದು ಇಂಥದ್ದನ್ನು.

ಇನ್ನು ಎಣಿಕೆಗೇ ಸಿಗದವರ ವಿಷಯ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತು. ಕೋವಿಡ್ ಬಂದಾಗ ಅದು ನಿಂತುಹೋಯಿತು. ಗುಬ್ಬಿಯ ಸುತ್ತಿನ ಹಳ್ಳಿಯಿಂದ 5 ಕಿಲೋಮೀಟರ್ ತುಳಿದು ಶಾಲೆಗೆ ಹೋಗಿಬಂದ ಹುಡುಗಿ ವರ್ಷದ 200 ದಿನಗಳಲ್ಲಿ 2000 ಕಿಲೋಮೀಟರ್ ಮುಗಿಸಿರುತ್ತಾಳೆ. ಯಾವ ಪಟ್ಟಿಯಲ್ಲೂ ಅವಳ ಹೆಸರಿಲ್ಲ. ಇರದಿದ್ದರೆ ನಷ್ಟವೇನು ಎನ್ನಬಹುದು. ನಷ್ಟವಿದೆ. ಅಮೆರಿಕದ ಆರೆಗಾನ್ ರಾಜ್ಯದ ಸಾರಿಗೆ ಇಲಾಖೆ, ಜನ ಎಲ್ಲೆಲ್ಲಿ ಸೈಕಲ್ ತುಳಿಯುತ್ತಾರೆಂದು ತಿಳಿಯಲು ಸ್ಟ್ರಾವಾದಿಂದ ಮಾಹಿತಿ ಕೊಂಡಿತು. ಇಂಥ ಲೆಕ್ಕ ನೋಡಿ ರಸ್ತೆ ಮಾಡುವ ಕಾಲ ನಮ್ಮಲ್ಲಿಗೂ ಬಂದರೆ, ಯಂತ್ರ ಕೊಂಡವರ ದಾರಿ ಕಾಣುತ್ತದೆ, ಹಾಲಿನ ಕ್ಯಾನು ಕಟ್ಟಿಕೊಂಡು ತುಳಿಯುವವನ ದಾರಿ ಕಾಣುವುದಿಲ್ಲ.

ನಮ್ಮನ್ನು ಕೇಳಿದ ಮನೆಗಳಲ್ಲಿ ಒಂದರ ಕಥೆ ಹೇಳಬೇಕು. ಕಾಲೇಜಿಗೆ ಹೋಗುವ ಮಗಳಿಗೆ ಸೈಕಲ್ಲಿನ ಶೌಕ್. ತಂದೆ ಒಳ್ಳೆಯವರು, ಬೇಡವೆನ್ನಲಿಲ್ಲ. ಅವರ ಪ್ರಶ್ನೆ ಒಂದೇ: ಮಗಳು ಎಲ್ಲಿದ್ದಾಳೆಂದು ಮನೆಯಲ್ಲೇ ಕುಳಿತು ಸದಾ ನೋಡಬಹುದಾದ ಯಂತ್ರ ಯಾವುದು? ಅಂಥದ್ದಿದೆ. ಮೊಬೈಲಿನ ಜೊತೆ ಸೇರಿಸಿದರೆ ಸವಾರ ಸಾಗುವ ದಾರಿಯನ್ನು ಬೇರೆಯವರು ನಕಾಶೆಯಲ್ಲಿ ಹಿಂಬಾಲಿಸಬಹುದು. ಹೆದ್ದಾರಿಯ ಲಾರಿಗಳನ್ನು ನೋಡಿದರೆ ತಂದೆಯ ಭಯ ಸುಳ್ಳಲ್ಲ. ಆದರೆ ಎರಡು ವರ್ಷದ ಹಿಂದೆ ಅಣ್ಣನಿಗೆ ಅದೇ ಹೆದ್ದಾರಿಗಾಗಿ ಸೈಕಲ್ ಕೊಡಿಸುವಾಗ ಈ ಪ್ರಶ್ನೆ ಎದ್ದಿರಲಿಲ್ಲ. ಲಾರಿಗಳು ಆಗಲೂ ಇದ್ದವು.

ಬಿದ್ದಾಗ ಮನೆಗೆ ಸಂದೇಶ ಕಳಿಸುವುದು ಬೇರೆ, ಹೋದಲ್ಲೆಲ್ಲ ಬೆನ್ನು ಹತ್ತುವುದು ಬೇರೆ. ಮೊದಲನೆಯದು ಆಸರೆ, ಎರಡನೆಯದು ಕಾವಲು. ಎರಡಕ್ಕೂ ಒಂದೇ ಯಂತ್ರ ಸಾಕಾಗುವುದರಿಂದ ನಮಗೆ ವ್ಯತ್ಯಾಸ ಮರೆತುಹೋಗುತ್ತದೆ. ಹಾಗೆ ನೋಡಿದರೆ ಆ ತಂದೆ ಅಂಜಬೇಕಾದ ಕಣ್ಣು ಇನ್ನೊಂದಿತ್ತು: ಸವಾರಿಯ ದಾಖಲೆಯನ್ನು ಎಲ್ಲರಿಗೂ ತೆರೆದಿಟ್ಟರೆ, ಯಾವ ಮನೆಯಿಂದ ಎಷ್ಟು ಗಂಟೆಗೆ ಹೊರಟು ಯಾವ ದಾರಿಯಲ್ಲಿ ಒಂಟಿಯಾಗಿ ಹೋಗುತ್ತಾಳೆಂದು ಅಪರಿಚಿತರಿಗೂ ತಿಳಿಯುತ್ತದೆ. 2017ರ ನವೆಂಬರಿನಲ್ಲಿ ಸ್ಟ್ರಾವಾ ಪ್ರಕಟಿಸಿದ ಜಗತ್ತಿನ ನಕಾಶೆಯಲ್ಲಿ, ಸೈನಿಕರ ಓಟದ ಗೆರೆಗಳಿಂದಾಗಿ ಸೇನಾ ನೆಲೆಗಳೇ ಬಯಲಾಗಿರುವುದು ಎರಡು ತಿಂಗಳಲ್ಲಿ ಪತ್ತೆಯಾಯಿತು. ಸೈನ್ಯಕ್ಕೇ ಗೊತ್ತಾಗದ ಸಂಗತಿ ತುಮಕೂರಿನ ಒಂದು ಮನೆಗೆ ಹೇಗೆ ಗೊತ್ತಾಗಬೇಕು?

ನಡು ಬೆಲೆಯ, ಗುಂಡಿಯಿರುವ ಯಂತ್ರ ಸಾಕೆಂದೆವು. ದಾಖಲೆಯನ್ನು ‘ನನಗೆ ಮಾತ್ರ’ ಎಂದು ಪೆಟ್ಟಿಗೆ ಬಿಚ್ಚಿದ ದಿನವೇ ಇಟ್ಟುಕೊಳ್ಳಲಿ. ಬಿದ್ದಾಗಿನ ಸಂದೇಶ ತಂದೆಗೂ ಅಣ್ಣನಿಗೂ ಹೋಗಲಿ. ದಾರಿ ತೋರಿಸುವುದನ್ನು ಹಚ್ಚುವುದು, ಆರಿಸುವುದು ಅವಳ ಕೈಯಲ್ಲೇ ಇರಲಿ. ಅಣ್ಣನೂ ಹೆದ್ದಾರಿಗೆ ಹೋಗುವ ದಿನ ಹಚ್ಚಲಿ ಎಂದೆವು. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಅಣ್ಣನ ಮೊಬೈಲನ್ನು ಕೇಳಿ ತರಿಸಿಕೊಂಡರು. ಹುಡುಗಿ ಕೇಳಿದ್ದು ಬೇರೆ: ಬೆಟ್ಟ ಇಳಿಯುವಾಗ ವೇಗದ ಅಂಕಿ ಕಣ್ಣಿಗೆ ಬೀಳದಂತೆ ಮಾಡಬಹುದೇ? ಮಾಡಬಹುದು. ಪರದೆಯ ಮೇಲೆ ಗಡಿಯಾರವೊಂದನ್ನೇ ಉಳಿಸಿಕೊಳ್ಳುವ ಸೌಲಭ್ಯ ಅಗ್ಗದ ಯಂತ್ರಗಳಲ್ಲೂ ಬಹುತೇಕ ಇದೆ.