ಕೇಳಿದಾಗ ಹುಟ್ಟುವ ಕಾಗದ

ನಮ್ಮ ಊರು ಹೂಡೆ ಒಂದು ಮರಳಿನ ಪಟ್ಟಿ. ಪಡುವಿನಲ್ಲಿ ಕಡಲು, ಮೂಡಿನಲ್ಲಿ ಸ್ವರ್ಣಾ ನದಿ. ಬಡಗು ಮುಖವಾಗಿ ನಡೆದರೆ ಪಟ್ಟಿ ಸಪೂರವಾಗುತ್ತ ಹೋಗಿ, ಸೀತೆ ಸ್ವರ್ಣೆ ಎರಡೂ ಕೂಡಿ ಕಡಲಿಗೆ ಬೀಳುವ ಕೋಡಿಬೆಂಗ್ರೆಯಲ್ಲಿ ಮುಗಿಯುತ್ತದೆ. ಹೂಡೆ ಸೇರಿರುವ ಗ್ರಾಮದ ಹೆಸರಿನಲ್ಲೇ ದಿಕ್ಕು ಇದೆ: ಪಡುತೋನ್ಸೆ. ಅಜ್ಜನ ಕಾಲದ ಕಾಗದದಲ್ಲಿ ನಮ್ಮ ಜಾಗದ ಚಕ್ಕುಬಂದಿ ಬರೆದವರು ಮೂಡು, ತೆಂಕು, ಬಡಗು ಮೂರಕ್ಕೂ ನೆರೆಯವರ ಹೆಸರು, ತೋಡು, ದರೆ ಎಂದೆಲ್ಲ ಬರೆದು, ಪಡುವಿಗೆ ಬಂದಾಗ ಒಂದೇ ಶಬ್ದ ಬರೆದು ಲೇಖನಿ ಎತ್ತಿದ್ದಾರೆ: ಸಮುದ್ರ.

ಕಳೆದ ಮಳೆಗಾಲಕ್ಕೆ ಮುಂಚೆ ಬೆಳೆಸಾಲಕ್ಕೆಂದು ಆ ಜಾಗದ ಪಹಣಿ ತರಲು ಹೋಗಿದ್ದೆ. ಕಂಪ್ಯೂಟರಿನ ಮುಂದೆ ಕುಳಿತಿದ್ದ ಹುಡುಗ ತಲೆ ಎತ್ತದೆಯೇ ಕೇಳಿದ.

"ಮಾವ, ಸರ್ವೆ ನಂಬ್ರ ಹೇಳಿ. ಹಿಸ್ಸೆ ಉಂಟಾ?"

ಹೇಳಿದೆ. ಬೆರಳು ನಾಲ್ಕೈದು ಸಲ ಆಡಿತು. ಮೂಲೆಯಲ್ಲಿದ್ದ ಪ್ರಿಂಟರ್ ಒಮ್ಮೆ ಗುರ್ ಎಂದು ಒಂದು ಹಾಳೆಯನ್ನು ಹೊರಗೆ ಹಾಕಿತು. ನಾನು ಅದನ್ನು ಎತ್ತಿಕೊಂಡೆ. ಬೆಚ್ಚಗಿತ್ತು.

ಆ ಬಿಸಿ ನನ್ನನ್ನು ಬಿಡಲೇ ಇಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಯೋಚಿಸಿದೆ: ಈ ಕಾಗದ ಒಂದು ನಿಮಿಷದ ಹಿಂದೆ ಎಲ್ಲಿತ್ತು? ಎಲ್ಲೋ ಬೆಂಗಳೂರಿನ ಒಂದು ಪೆಟ್ಟಿಗೆಯೊಳಗೆ ನಮ್ಮ ಪಹಣಿಯ ಚಿತ್ರ ಮಡಿಚಿಟ್ಟಿತ್ತು, ಅದನ್ನು ಹುಡುಗ ಕರೆದ, ಅದು ಬಂತು ಎಂದೇ ಬಹಳ ವರ್ಷ ತಿಳಿದಿದ್ದೆ. ಹಾಗಲ್ಲ. ಆ ಹಾಳೆ ಎಲ್ಲಿಯೂ ಇರಲಿಲ್ಲ. ನಾನು ಕೇಳಿದ ಮೇಲೆ ಹುಟ್ಟಿತು.

ಇದ್ದದ್ದು ಕೋಷ್ಟಕಗಳು ಮಾತ್ರ. ಒಂದರಲ್ಲಿ ಗ್ರಾಮ, ಸರ್ವೆ ನಂಬ್ರ, ಹಿಸ್ಸೆ, ವಿಸ್ತೀರ್ಣ. ಇನ್ನೊಂದರಲ್ಲಿ ಹಕ್ಕುದಾರರ ಹೆಸರು. ಮತ್ತೊಂದರಲ್ಲಿ ಸಾಲ, ಅಡವು. ಬೇರೊಂದರಲ್ಲಿ ಯಾವ ವರ್ಷ ಯಾವ ಬೆಳೆ. ಈ ಸಾಲುಗಳಿಗೆ ಗೆರೆ ಇಲ್ಲ, ತಲೆಬರಹ ಇಲ್ಲ, ಅಂಚು ಇಲ್ಲ. ಗೆರೆ, ಚೌಕ, ತಲೆಬರಹ ಇರುವುದು ನಮೂನೆಯಲ್ಲಿ. ನಮೂನೆಯಲ್ಲಿ ಯಾರ ಹೆಸರೂ ಇಲ್ಲ. ನಾವು ಆರ್‌ಟಿಸಿ ಎಂದು ಕರೆಯುವ ಗೇಣಿ ಮತ್ತು ಪಹಣಿ ಪತ್ರಿಕೆ ಕಾನೂನಿನ ಲೆಕ್ಕದಲ್ಲಿ 16ನೇ ನಮೂನೆ. ಸರ್ವೆ ನಂಬ್ರ ಹೇಳಿದ ಕ್ಷಣ ಆ ಖಾಲಿ ನಮೂನೆಗೂ ಈ ಬೋಳು ಸಾಲುಗಳಿಗೂ ಭೇಟಿಯಾಗುತ್ತದೆ. ಹೆಸರು ಹೋಗಿ 9ನೇ ಕಲಮಿನಲ್ಲಿ ಕೂರುತ್ತದೆ, ಆ ಹಕ್ಕು ಹೇಗೆ ಬಂತೆಂಬುದು 10ರಲ್ಲಿ, ಋಣಗಳು 11ರಲ್ಲಿ, ಸಾಗುವಳಿ ಮತ್ತು ಬೆಳೆ 12ರಲ್ಲಿ. ಕೋಷ್ಟಕಗಳನ್ನು ಹೀಗೆ ಬೇರೆ ಬೇರೆ ಇಟ್ಟು, ಬೇಕಾದಾಗ ಒಂದಕ್ಕೊಂದು ಜೋಡಿಸಬಹುದೆಂದು ಗಣಿತದ ಭಾಷೆಯಲ್ಲಿ ತೋರಿಸಿಕೊಟ್ಟವರು ಐಬಿಎಂನಲ್ಲಿದ್ದ ಎಡ್ಗರ್ ಕಾಡ್, 1970ರಲ್ಲಿ. ಅವರ ಆ ಯೋಚನೆ ಪಡುತೋನ್ಸೆಯ ಮರಳಿನವರೆಗೆ ಬಂದು ನನ್ನ ಕೈಯಲ್ಲಿ ಬೆಚ್ಚಗೆ ಕುಳಿತಿತ್ತು.

ನಮೂನೆ ಎಂಬುದು ಹೊಸದೇನಲ್ಲ. ನದಿಯಾಚೆ ಬಾರಕೂರಿನಲ್ಲಿ ಶಾಸನಗಳು ಬೇಕಾದಷ್ಟಿವೆ. ದಾನಶಾಸನಗಳಿಗೆ ಒಂದು ಕಟ್ಟು ಇರುತ್ತದೆ: ಕಾಲ, ಆಳುವ ಅರಸ, ಕೊಟ್ಟವರು, ಪಡೆದವರು, ಗಡಿ, ಕೊನೆಗೆ ಅಳಿದವರಿಗೆ ವಾರಣಾಸಿಯಲ್ಲಿ ಗೋವು ಕೊಂದ ಪಾಪ. ಬದಲಾಗುವುದು ಹೆಸರು ಮತ್ತು ನೆಲ, ಕಟ್ಟು ಅದೇ. ಬರೆದದ್ದನ್ನು ಯಾರೂ ತಿದ್ದದಿರಲಿ ಎಂಬ ಕಳವಳ ಆಗಲೂ ಇತ್ತು. ಅದಕ್ಕೆ ಅವರಲ್ಲಿದ್ದ ಕಾವಲು ಶಾಪ.

ಹಳೆಯ ಪಹಣಿ ಪುಸ್ತಕವನ್ನು ನಾನು ಚಿಕ್ಕವನಿದ್ದಾಗ ನೋಡಿದ್ದೇನೆ. ದಪ್ಪ ರಟ್ಟಿನ ಪುಸ್ತಕ, ಮಗುಚುವಾಗ ಧೂಳು, ಜೂನ್ ತಿಂಗಳಲ್ಲಿ ಹಾಳೆಗೆ ಹಾಳೆ ಅಂಟಿಕೊಂಡು ಬೂಷ್ಟಿನ ವಾಸನೆ. ಗ್ರಾಮಲೆಕ್ಕಿಗರು ಬಂದಿದ್ದಾರೆಂದು ಉಗ್ರಾಣಿ ಹೇಳಿ ಕಳಿಸಿದರೆ ಅಜ್ಜಿ ನನ್ನನ್ನೂ ಕರೆದುಕೊಂಡು ಹೊರಡುತ್ತಿದ್ದರು. ಪುಸ್ತಕದಲ್ಲಿ ನೋಡಿ, ಕೈಯಲ್ಲಿ ನಕಲು ಬರೆದು, ಸಹಿ ಹಾಕಿ ಕೊಡಬೇಕು. ನಕಲು ಬರೆಯುವ ಕೈ ದಣಿಯುತ್ತದೆ. ದಣಿದ ಕೈಯಲ್ಲಿ 26 ಸೆಂಟ್ಸ್ 62 ಆಗುತ್ತದೆ. ಮೂಲ ಪುಸ್ತಕ ಒಂದು ಹೇಳುತ್ತದೆ, ನಕಲು ಇನ್ನೊಂದು. ಎರಡು ಕಾಗದದ ನಡುವಿನ ಆ ಸಣ್ಣ ಸಂದಿಯಲ್ಲಿ ಎಷ್ಟು ಮನೆಗಳ ದಾಯಾದಿ ಜಗಳ ಹುಟ್ಟಿ ಕೋರ್ಟು ಕಂಡಿತೋ.

ಇಂಥ ಸಂದಿಗೆ ಹೆದರಿದವರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಒಬ್ಬರು. ಅವರ ಕಾಲದಲ್ಲಿ ನಾವಿಕರು ನಡುಗಡಲಿನಲ್ಲಿ ತಮ್ಮ ಜಾಗ ಕಂಡುಕೊಳ್ಳಲು ಅಚ್ಚಾದ ಅಂಕಿಗಳ ಪಟ್ಟಿಗಳನ್ನೇ ನಂಬಬೇಕಿತ್ತು. ಅಂಕಿ ತಪ್ಪಿದರೆ ಹಡಗೇ ದಾರಿ ತಪ್ಪುತ್ತದೆ. 1821ರಲ್ಲಿ ಗೆಳೆಯ ಜಾನ್ ಹರ್ಷೆಲ್ ಜೊತೆ ಕುಳಿತು ಅಂಥ ಪಟ್ಟಿಗಳನ್ನು ತಾಳೆ ನೋಡುತ್ತಿದ್ದಾಗ ತಪ್ಪಿನ ಮೇಲೆ ತಪ್ಪು ಸಿಕ್ಕಿ ಬೇಸತ್ತು, ಈ ಲೆಕ್ಕವನ್ನು ಹಬೆಯ ಯಂತ್ರವೇ ಮಾಡಬಾರದೇ ಎಂದುಕೊಂಡರಂತೆ. ಆದರೆ ಲೆಕ್ಕ ಮಾತ್ರ ಸರಿಯಾದರೆ ಸಾಲದು. ಸರಿಯಾದ ಉತ್ತರವನ್ನು ಮನುಷ್ಯ ಬರೆದುಕೊಳ್ಳುವಾಗ ಒಂದು ತಪ್ಪು, ಅಚ್ಚಿನ ಮೊಳೆ ಜೋಡಿಸುವಾಗ ಇನ್ನೊಂದು. ಆದ್ದರಿಂದ 1847ರಿಂದ 1849ರವರೆಗೆ ಅವರು ಎಳೆದ ಎರಡನೇ ಡಿಫರೆನ್ಸ್ ಎಂಜಿನ್ನಿನ ನಕ್ಷೆಯಲ್ಲಿ ಲೆಕ್ಕದ ಯಂತ್ರಕ್ಕೆ ಮುದ್ರಣದ ಯಂತ್ರವೂ ಅಂಟಿಕೊಂಡೇ ಇದೆ. ಅದು ಉತ್ತರವನ್ನು ಕಾಗದದ ಮೇಲೂ ಒತ್ತುತ್ತದೆ, ಅಚ್ಚಿನ ಫಲಕ ಎರಕ ಹೊಯ್ಯಲು ಬೇಕಾದ ಮೆದು ಹಲಗೆಯ ಮೇಲೂ ಒತ್ತುತ್ತದೆ. ಪುಟಕ್ಕೆ ಎಷ್ಟು ಕಲಂ, ಸಾಲಿನಿಂದ ಸಾಲಿಗೆ ಎಷ್ಟು ಎಡೆ ಎಂಬುದನ್ನು ಮೊದಲೇ ಹೊಂದಿಸಿಡಬಹುದು. ಬ್ಯಾಬೇಜರಿಗೆ ಅದನ್ನು ಕಟ್ಟಲಾಗಲಿಲ್ಲ. ಲಂಡನ್ನಿನ ಸೈನ್ಸ್ ಮ್ಯೂಸಿಯಂನವರು ಅದೇ ನಕ್ಷೆ ಹಿಡಿದು ಲೆಕ್ಕದ ಭಾಗವನ್ನು 1991ರಲ್ಲಿ, ಮುದ್ರಣದ ಭಾಗವನ್ನು 2002ರಲ್ಲಿ ಪೂರೈಸಿದರು. ಒಟ್ಟು ಸುಮಾರು 8,000 ಬಿಡಿಭಾಗ, 5 ಟನ್ ತೂಕ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಮುದ್ರಣಕ್ಕೇ. ಅಂಕಿ ಮತ್ತು ಕಾಗದದ ನಡುವೆ ದಣಿದ ಕೈ ಬರಕೂಡದು ಎಂಬ ಒಂದೇ ಹಟಕ್ಕೆ ಅಷ್ಟು ಕಬ್ಬಿಣ, ಅಷ್ಟು ಕಂಚು. ಅದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಲಂಡನ್ನಿನಲ್ಲಿ ಆ ಮುದ್ರಣಯಂತ್ರ ತಿರುಗುವ ಹೊತ್ತಿಗೆ ಇಲ್ಲಿ ಭೂಮಿ ಯೋಜನೆ ನಡೆದಿತ್ತು. ಕಂದಾಯ ಇಲಾಖೆಯಲ್ಲಿ ರಾಜೀವ್ ಚಾವ್ಲಾ ಅದರ ಹೊಣೆ ಹೊತ್ತಿದ್ದರು, ರಾಷ್ಟ್ರೀಯ ಮಾಹಿತಿ ಕೇಂದ್ರ ತಂತ್ರಾಂಶ ಬರೆದುಕೊಟ್ಟಿತು. ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಪುಸ್ತಕದಿಂದ ಕಂಪ್ಯೂಟರಿಗೆ ಇಳಿಸಿದರು. ಆಮೇಲೆ ಕೈಬರಹದ ಪಹಣಿಗೆ ಬೆಲೆ ಇಲ್ಲದಾಯಿತು. ತಾಲೂಕು ಕಚೇರಿಯ ಕಿಟಕಿಯಲ್ಲಿ ಆಗ 15 ರೂಪಾಯಿ ಕೊಟ್ಟರೆ ಅಚ್ಚಾದದ್ದು ಕೈಗೆ ಬರುತ್ತಿತ್ತು. ದಾಖಲೆ ಮುಟ್ಟುವವರು ಬೆರಳಚ್ಚು ಒತ್ತಿಯೇ ಒಳಗೆ ಹೋಗಬೇಕು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ಎತ್ತಿಕೊಳ್ಳಬೇಕು, ಹಿಂದಿನದನ್ನು ಮುಂದೆ ತರುವಂತಿಲ್ಲ. ಶಾಪ ಇದ್ದ ಜಾಗಕ್ಕೆ ಬೆರಳು ಬಂತು.

2 ಕೋಟಿ ಎಂದು ಬಾಯಲ್ಲಿ ಹೇಳುವುದು ಸುಲಭ. ಒಂದೊಂದು ಪಹಣಿಯನ್ನೂ ಒಬ್ಬರು ಕುಳಿತು ಟೈಪು ಹೊಡೆದಿದ್ದಾರೆ, ಇನ್ನೊಬ್ಬರು ಪುಸ್ತಕದ ಜೊತೆ ತಾಳೆ ನೋಡಿದ್ದಾರೆ. ಅಳತೆಯೂ ಎಲ್ಲೆಡೆ ಒಂದೇ ಅಲ್ಲ. ಘಟ್ಟದ ಮೇಲೆ ಎಕರೆಗೆ 40 ಗುಂಟೆ. 1956ರ ತನಕ ಮದರಾಸಿಗೆ ಸೇರಿದ್ದ ನಮ್ಮಲ್ಲಿ ಎಕರೆಗೆ 100 ಸೆಂಟ್ಸ್. 60ಕ್ಕೆ 50 ಕೂಡಿಸಿದರೆ ಇಲ್ಲಿ 1 ಎಕರೆ 10, ಅಲ್ಲಿ 2 ಎಕರೆ 30. ಯಾವ ಜಿಲ್ಲೆಯ ಕೂಡುಲೆಕ್ಕ ಹೇಗೆ ಎಂಬ ಇಷ್ಟು ಸಣ್ಣ ಸಂಗತಿಯನ್ನೂ ಯಾರೋ ಮೊದಲೇ ಯೋಚಿಸಿ ಇಟ್ಟಿರಬೇಕಾಗುತ್ತದೆ.

ಅಜ್ಜಿ ಅಚ್ಚಾದ ಪಹಣಿಯನ್ನು ಮೊದಲ ಸಲ ಕೈಯಲ್ಲಿ ಹಿಡಿದಾಗ ಓದಲು ಬರದಿದ್ದರೂ 10ನೇ ಕಲಂ ಎಲ್ಲಿದೆಯೆಂದು ನನ್ನನ್ನು ಕೇಳಿ, ಅದರ ಮೇಲೆ ಬೆರಳಾಡಿಸಿದರು. ಅವರಿಗೆ ಬೇಕಾದದ್ದು ಅದೊಂದೇ. 1974ರ ಭೂಸುಧಾರಣೆಯ ಮೇಲೆ ಅಜ್ಜ ಡಿಕ್ಲರೇಶನ್ ಕೊಟ್ಟು, ಭೂನ್ಯಾಯ ಮಂಡಳಿಯ ಮುಂದೆ ನಿಂತು, ಗೇಣಿ ಅಳೆಯುತ್ತಿದ್ದ ನೆಲವನ್ನು ಸ್ವಂತದ್ದು ಮಾಡಿಕೊಂಡರು. ಕರಾವಳಿಯ ಎಷ್ಟೋ ಮನೆಗಳ ಕತೆ ಇದು. ಆ ಕಲಮಿನ ಅರ್ಧ ಸಾಲಿನಲ್ಲಿ ಒಂದು ಮನೆತನ ಬೆನ್ನು ನೆಟ್ಟಗೆ ಮಾಡಿಕೊಂಡ ದಿನ ಇದೆ. ಸಾಲು ಅಲ್ಲಿ ಇರುವ ತನಕ, ಕೇಳಿದಾಗಲೆಲ್ಲ ಆ ದಿನ ಮತ್ತೆ ಅಚ್ಚಾಗಿ ಬರುತ್ತದೆ.

ಇನ್ನೂ ಒಂದು ಬೆರಗಿದೆ, ಅದು ಇದಕ್ಕಿಂತ ಸಣ್ಣದು, ನನಗೆ ಇದಕ್ಕಿಂತ ಪ್ರಿಯವಾದದ್ದು. ಹಾಳೆಯ ಮೇಲಿನ ಅಕ್ಷರಗಳು. 'ತೋನ್ಸೆ' ಎಂದು ಬರೆಯಲು ಕೀಲಿಮಣೆಯಲ್ಲಿ ತ, ಓ, ನ, ಅರ್ಧಾಕ್ಷರದ ಕೀಲಿ, ಸ, ಎ ಎಂದು ಒತ್ತುತ್ತೇವೆ. ಸಕಾರ ತಾನಾಗಿ ಕೆಳಗಿಳಿದು ಒತ್ತಾಗುತ್ತದೆ. ಎಲ್ಲಕ್ಕಿಂತ ಕೊನೆಗೆ ಬಂದ ಎತ್ವ ಹಿಂದಕ್ಕೆ ಹೋಗಿ ನಕಾರದ ತಲೆಯ ಮೇಲೆ ಕೂರುತ್ತದೆ. ಈ 'ನ್ಸೆ' ಎಂಬ ಆಕಾರ ಕಂಪ್ಯೂಟರಿನ ದಾಖಲೆಯಲ್ಲಿ ಎಲ್ಲಿಯೂ ಬರೆದಿಟ್ಟದ್ದಲ್ಲ. ಅಲ್ಲಿರುವುದು ಅಂಕಿಗಳ ಸಾಲು. ಯುನಿಕೋಡ್ ಕೋಷ್ಟಕದಲ್ಲಿ ಕನ್ನಡದ ಕಕಾರ 3221ನೇ ಮನೆ. ಅಂಕಿಗಳು ಬಂದಾಗ ಫಾಂಟಿನೊಳಗಿನ ಇನ್ನೊಂದು ಕೋಷ್ಟಕ ನೋಡಿ ಅಕ್ಷರ ಆಗಿಂದಾಗ ಕಟ್ಟಿಕೊಳ್ಳುತ್ತದೆ. ಪಹಣಿ ಮಾತ್ರವಲ್ಲ, ಪಹಣಿಯ ಒಂದೊಂದು ಅಕ್ಷರವೂ ಕೇಳಿದಾಗ ಹುಟ್ಟುವಂಥದ್ದು.

ವ್ಯಂಜನ ಒತ್ತಿ ಸ್ವರ ಒತ್ತಿದರೆ ಕಾಗುಣಿತ ತಾನಾಗಿ ಬರಲಿ, ಇಷ್ಟೊಂದು ಅಕ್ಷರರೂಪಗಳ ಕನ್ನಡಕ್ಕೆ ಇಂಗ್ಲಿಷಿನ ಅದೇ ಪುಟ್ಟ ಕೀಲಿಮಣೆ ಸಾಕು ಎಂದು ಕಂಡುಕೊಂಡವರು ನಮ್ಮ ಸೀಮೆಯವರೇ: ಮಂಗಳೂರು ಬಳಿಯ ಕಿನ್ನಿಕಂಬಳದಲ್ಲಿ ಹುಟ್ಟಿ ಮಣಿಪಾಲದಲ್ಲಿ ನೆಲೆಸಿದ ಕೆ.ಪಿ. ರಾವ್. ತಮ್ಮ ತಂತ್ರಾಂಶಕ್ಕೆ ಅವರು ಛಂದಸ್ಸಿನ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟರು. ಯಾರಿಗೂ ಮಾರದೆ ಎಲ್ಲರಿಗೂ ಬಿಟ್ಟುಕೊಟ್ಟರು. ಇಂದು ಕನ್ನಡ ಬರೆಯುವ ಲಕ್ಷಾಂತರ ಬೆರಳುಗಳು ಅವರು ತೋರಿಸಿದ ದಾರಿಯಲ್ಲೇ ಓಡುತ್ತವೆ. ಸರಕಾರ ಯಾವ ಪ್ರಶಸ್ತಿ ಕೊಟ್ಟರೂ ಆ ಋಣ ತೀರುವುದಿಲ್ಲ ಎಂದೇ ನನ್ನ ಎಣಿಕೆ.

ಕೇಳಿದಾಗ ಹುಟ್ಟುವುದು ನಮ್ಮ ಕಡೆಯವರಿಗೆ ಅಪರಿಚಿತವಲ್ಲ. ಯಕ್ಷಗಾನ ನೋಡಿ ಬೆಳೆದವರು ನಾವು. ಪ್ರಸಂಗದ ಪುಸ್ತಕದಲ್ಲಿರುವುದು ಪದ್ಯ ಮಾತ್ರ. ಮಾತು ಅಲ್ಲಿಲ್ಲ, ವೇಷಧಾರಿ ಅದನ್ನು ರಂಗದ ಮೇಲೆ ಆ ರಾತ್ರಿಯೇ ಹುಟ್ಟಿಸಬೇಕು. ಮಂದಾರ್ತಿ ಮೇಳದ ಹರಕೆಯಾಟವನ್ನು ಒಂದೇ ಪ್ರಸಂಗಕ್ಕೆ ನಾಲ್ಕು ಮನೆಯಂಗಳದಲ್ಲಿ ನೋಡಿದರೆ ನಾಲ್ಕು ಬೇರೆ ಆಟಗಳು. ಬೇರೆಯಾಗುವುದಕ್ಕೇ ನಾವು ಚಾಪೆ ಹಿಡಿದುಕೊಂಡು ಹೋಗುವುದು. ಪಹಣಿಯ ಸೊಗಸು ಇದಕ್ಕೆ ತೀರಾ ವಿರುದ್ಧ. ಅದು ಇಂದು ಹುಟ್ಟಿದರೂ, ನಾಳೆ ಹುಟ್ಟಿದರೂ, ಉಡುಪಿಯಲ್ಲಿ ಹುಟ್ಟಿದರೂ, ದುಬೈಯಲ್ಲಿರುವ ನನ್ನ ತಮ್ಮನ ಫೋನಿನಲ್ಲಿ ಹುಟ್ಟಿದರೂ, ಸಾಲು ಬದಲಾಗದ ತನಕ ಅಕ್ಷರಕ್ಕಕ್ಷರ ಅದೇ. ಅಲ್ಲಿ ಮೂಲವೂ ಇಲ್ಲ, ನಕಲೂ ಇಲ್ಲ. ಪ್ರತಿಯೊಂದೂ ಮೊದಲನೆಯದು. ನಕಲು ಬರೆಯುವ ಕೈಯ ಸಂದಿ ಮುಚ್ಚಿಹೋಯಿತು.

ಹೀಗಿರುವುದರಿಂದಲೇ, ಸಾಲಿನಲ್ಲಿ ತಪ್ಪಿದ್ದರೆ ಆ ತಪ್ಪೂ ಅಷ್ಟೇ ನಿಷ್ಠೆಯಿಂದ ಹುಟ್ಟುತ್ತದೆ. ನಮ್ಮ ಅಜ್ಜಿಯ ಹೆಸರಿನಲ್ಲಿ ಒಂದು ಒತ್ತು ತಪ್ಪಿತ್ತು. ಕಕಾರ ಇರಬೇಕಾದಲ್ಲಿ ಪಕಾರ. ಯಾರ ಕೈ ತಪ್ಪಿತೋ ನಾನು ಹುಡುಕಲು ಹೋಗಲಿಲ್ಲ. ಹೊಡೆಯುವಾಗಲೋ, ಅದಕ್ಕೂ ಮೊದಲು ಪುಸ್ತಕದಲ್ಲೇ ಇತ್ತೋ. ಅಜ್ಜಿ 10ನೇ ಕಲಮಿನ ಮೇಲೆ ಬೆರಳಾಡಿಸಿದ ದಿನ ಓದು ಬಲ್ಲ ನಾನು ಪಕ್ಕದಲ್ಲೇ ಇದ್ದೆ. ಪಕ್ಕದ 9ನೇ ಕಲಮನ್ನು ಓದಲಿಲ್ಲ. ಆಮೇಲೆ ಹತ್ತಾರು ಸಲ ಪಹಣಿ ತಂದೆ, ಹತ್ತಾರು ಸಲವೂ ಬೇರೆ ಯಾರದೋ ಹೆಸರು ಚೊಕ್ಕವಾಗಿ, ನೇರ ಗೆರೆಗಳ ನಡುವೆ ಅಚ್ಚಾಗಿ ಬಂತು. ಚೊಕ್ಕವಾಗಿದ್ದುದನ್ನು ಯಾರೂ ಸಂಶಯಪಡುವುದಿಲ್ಲ. ಗೊತ್ತಾದದ್ದು ಅವರು ತೀರಿಕೊಂಡ ಮೇಲೆ, ಪಾಲಿನ ಹೊತ್ತಿಗೆ. ಎರಡು ಹೆಸರಿನವರೂ ಒಬ್ಬರೇ ಎಂದು ಸಾಬೀತು ಮಾಡಲು ಒಂದೂವರೆ ವರ್ಷ ಹಿಡಿಯಿತು. ಅವರಿದ್ದಾಗ ಆಗಿದ್ದರೆ ಅವರ ಹೆಬ್ಬೆಟ್ಟು ಸಾಕಾಗುತ್ತಿತ್ತು.

ಕಳೆದ ಮಳೆಗಾಲಕ್ಕೆ ಮುಂಚೆ ನನ್ನ ಕೈಗೆ ಬೆಚ್ಚಗೆ ಬಂದದ್ದು ಆ ತಿದ್ದುಪಡಿಯ ನಂತರದ ಪಹಣಿ. ಅದರಲ್ಲಿ ಈಗ ಅಜ್ಜಿಯ ಹೆಸರಿಲ್ಲ, ನಮ್ಮದಿದೆ. ಆದರೆ 10ನೇ ಕಲಮಿನ ಹಿಂದೆ ಅವರ ಸರಿಯಾದ ಹೆಸರಿನ ಸಾಲು ಕೋಷ್ಟಕದಲ್ಲಿ ಉಳಿದಿದೆ.

ನಿಮ್ಮ ಮನೆಯ ಪಹಣಿಯನ್ನು ಈ ವಾರವೇ ಒಮ್ಮೆ ತೆಗೆಸಿ. ಸಾಲಕ್ಕೆ ಬೇಡದಿದ್ದರೂ ತೆಗೆಸಿ. 9ನೇ ಕಲಮಿನ ಹೆಸರುಗಳನ್ನು ಮನೆಯ ಹಿರಿಯರ ಮುಂದೆ ಕುಳಿತು, ಒತ್ತು ಇಳಿಗಳ ಸಮೇತ ಗಟ್ಟಿಯಾಗಿ ಓದಿ. ತಪ್ಪಿದ್ದರೆ ಅವರು ಅಲ್ಲಲ್ಲ ಎನ್ನುತ್ತಾರೆ. ಅರ್ಜಿ ಕೊಡುವುದನ್ನು ಮರುದಿನಕ್ಕೆ ಇಡಬೇಡಿ.