ರೋಗಿಯು ಆಢ್ಯನಾಗಿರಬೇಕೆ?

ಚಿಕಿತ್ಸೆಗೆ ನಾಲ್ಕು ಪಾದಗಳುಂಟೆಂದು ಆಯುರ್ವೇದದ ಆಚಾರ್ಯರು ಏಕಕಂಠದಿಂದ ಹೇಳಿರುವರು: ವೈದ್ಯ, ಔಷಧ, ಪರಿಚಾರಕ, ರೋಗಿ. ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳು. ಆದರೆ ರೋಗಿಯ ಗುಣಗಳನ್ನು ಎಣಿಸುವಲ್ಲಿ ಚರಕನಿಗೂ ವಾಗ್ಭಟನಿಗೂ ಒಂದು ಭೇದವುಂಟು. ಚರಕಸಂಹಿತೆಯ ಮತದಲ್ಲಿ ರೋಗಿಗೆ ಸ್ಮರಣೆಯಿರಬೇಕು, ಅವನು ವೈದ್ಯನು ಹೇಳಿದಂತೆ ನಡೆಯಬೇಕು, ಅಂಜಬಾರದು, ತನ್ನ ಬೇನೆಯನ್ನು ತಿಳಿಯಹೇಳಬಲ್ಲವನಾಗಿರಬೇಕು. ಅಷ್ಟಾಂಗಹೃದಯದ ಮೊದಲನೆಯ ಅಧ್ಯಾಯದಲ್ಲಿ ವಾಗ್ಭಟನು ಸ್ಮರಣೆಯನ್ನು ಕೈಬಿಟ್ಟು, ಯಾದಿಯ ತಲೆಯಲ್ಲಿಯೇ ‘ಆಢ್ಯ’ ಎಂಬ ಪದವನ್ನಿಟ್ಟಿದ್ದಾನೆ. ಆಢ್ಯನೆಂದರೆ ಹಣವುಳ್ಳವನು.

ಪಾಠಶಾಲೆಯಲ್ಲಿ ಈ ಪದವನ್ನು ನಾವು ಅರ್ಥ ಹೇಳಿ ಮುಂದಕ್ಕೆ ಸಾಗಿದ್ದೆವು. ಮುಪ್ಪಿನಲ್ಲಿ ಪುನಃ ಓದುವಾಗ ಅದು ಕಾಲಲ್ಲಿ ಮುರಿದ ಮುಳ್ಳಿನಂತೆ ಚುಚ್ಚುತ್ತದೆ. ವಾಗ್ಭಟನನ್ನು ನಿಷ್ಠುರನೆನ್ನಲು ನನಗೆ ಮನಸ್ಸಿಲ್ಲ. ಹಣವಿಲ್ಲದವನಿಗೆ ಔಷಧವು ಸಿಕ್ಕದು, ಪರಿಚಾರಕನು ನಿಲ್ಲನು ಎಂಬ ಕಂಡ ಮಾತನ್ನೇ ಅವನು ಬರೆದನು. ಆದರೆ ಕಂಡದ್ದು ಬೇರೆ, ಇರತಕ್ಕದ್ದು ಬೇರೆ. ಧೈರ್ಯ, ವಿಧೇಯತೆಗಳು ರೋಗಿಯೊಳಗಿನ ಗುಣಗಳು. ಹಣವು ಅವನ ಪೆಟ್ಟಿಗೆಯಲ್ಲಿರುವಂಥದು. ಅದನ್ನು ಅವನ ಗುಣವೆನ್ನುವುದು ಹೇಗೆ? ಅದೇ ಚರಕನು ಚಿಕಿತ್ಸೆಯನ್ನು ಅಂಗಡಿಯ ಸರಕಿನಂತೆ ಮಾರುವ ವೈದ್ಯನನ್ನು ಬಂಗಾರದ ರಾಶಿಯನ್ನು ಬಿಟ್ಟು ಮಣ್ಣಿನ ರಾಶಿಯನ್ನು ಹಿಡಿದವನೆಂದು ಹೀಯಾಳಿಸಿದ್ದಾನೆ. ಬೆಲೆಯನ್ನು ಮುಂದಿಟ್ಟುಕೊಂಡು ರೋಗಿಯನ್ನು ನೋಡಬಾರದೆಂಬುದು ಅವನ ಅಭಿಪ್ರಾಯವೆಂದು ನಾನು ತಿಳಿಯುತ್ತೇನೆ.

ನಮ್ಮ ಕಾಲದಲ್ಲಿ ಈ ಪ್ರಶ್ನೆಯನ್ನು ಸರಕಾರವೇ ಕೈಗೆತ್ತಿಕೊಂಡಿತು. 1946ರಲ್ಲಿ ತನ್ನ ವರದಿಯನ್ನೊಪ್ಪಿಸಿದ ಭೋರ್ ಸಮಿತಿಯು, ಹಣ ಕೊಡಲಾರದ ಕಾರಣಕ್ಕಾಗಿ ಯಾರೊಬ್ಬರೂ ಯೋಗ್ಯ ಚಿಕಿತ್ಸೆಗೆ ಎರವಾಗಬಾರದೆಂಬುದನ್ನು ತನ್ನ ಮೂಲತತ್ತ್ವಗಳಲ್ಲಿ ಒಂದನ್ನಾಗಿ ಇಟ್ಟಿತು. ವಾಗ್ಭಟನ ಯಾದಿಯಿಂದ ‘ಆಢ್ಯ’ ಪದವನ್ನು ಅಳಿಸಿದ ಹಾಗಾಯಿತು. 1948ರಲ್ಲಿ ಕಾರ್ಮಿಕರ ರಾಜ್ಯ ವಿಮಾ ಕಾಯಿದೆಯು ಬಂದಿತು. ಗೋಕಾಕ ಫಾಲ್ಸಿನ ನಮಗೆ ಇದರ ಮರ್ಮ ತಿಳಿಯುವುದು ಕಠಿಣವಲ್ಲ. 1887ರಲ್ಲಿ ಘಟಪ್ರಭೆಯ ನೀರಿನ ಬಲದಿಂದ ನಡೆಯತೊಡಗಿದ ನೂಲಿನ ಗಿರಣಿಯ ಸುತ್ತಲೇ ಈ ಊರು ಬೆಳೆಯಿತು. ಗಿರಣಿಯ ಸೀಟಿಯೇ ಇಲ್ಲಿಯ ಗಡಿಯಾರ. ಇಂಥ ಕಾರಖಾನೆಗಳ ಕೂಲಿಕಾರನ ಪಗಾರದಿಂದ ಸ್ವಲ್ಪ, ಧಣಿಯಿಂದ ಅದಕ್ಕಿಂತ ಹೆಚ್ಚು ಕೂಡಿಸಿ ಔಷಧೋಪಚಾರ ನಡೆಸಬೇಕೆಂಬುದೇ ಆ ಕಾಯಿದೆಯ ತಿರುಳು. 2019ರಲ್ಲಿ ಗೊತ್ತುಮಾಡಿದ ಪ್ರಮಾಣದಂತೆ ನೂರು ರೂಪಾಯಿ ಪಗಾರಕ್ಕೆ ಕೂಲಿಕಾರನದು ಮುಕ್ಕಾಲು ರೂಪಾಯಿ, ಧಣಿಯದು ಮೂರೂಕಾಲು. ಧಣಿಯ ಕೃಪೆಯಿಂದ ದೊರೆಯುತ್ತಿದ್ದ ಔಷಧವು ಹೀಗೆ ಹಕ್ಕಿನದಾಯಿತು.

ಗಿರಣಿಯ ಹೊರಗಿನ ಒಕ್ಕಲಿಗನಿಗೆ, ನೇಕಾರನಿಗೆ ಬಹುಕಾಲ ಇಂತಹದೇನೂ ಇರಲಿಲ್ಲ. 2018ರಲ್ಲಿ ನಮ್ಮ ರಾಜ್ಯದಲ್ಲಿ ಆರೋಗ್ಯ ಕರ್ನಾಟಕ ಯೋಜನೆಯು ಬಂದು, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದೊಡನೆ ಕೂಡಿತು. ಬಡತನದ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆ. ರೇಖೆಯ ಮೇಲಿನವರಿಗೆ ಗೊತ್ತುಪಡಿಸಿದ ವೆಚ್ಚದ ಶೇಕಡಾ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಇದರಿಂದ ಎಷ್ಟೋ ಮನೆಗಳ ದೀಪ ಉಳಿದಿದೆ. ಇದನ್ನು ಹಳಿಯುವವನು ಕೃತಘ್ನನು. ಆದಾಗ್ಯೂ ಒಂದು ಮಾತನ್ನು ವಾಚಕರು ವಿಚಾರಿಸಬೇಕು. ವಾಗ್ಭಟನು ರೋಗಿಯಿಂದ ಐಶ್ವರ್ಯದ ಸಾಕ್ಷಿಯನ್ನು ಕೇಳಿದನು. ನಾವು ದಾರಿದ್ರ್ಯದ ಸಾಕ್ಷಿಯನ್ನು ಕೇಳುತ್ತೇವೆ. ನಾಡಿಗೆ ಕೈಹಚ್ಚುವ ಮೊದಲು ಇಬ್ಬರ ಕೈಯೂ ರೋಗಿಯ ಚೀಲಕ್ಕೇ ಹೋಗುತ್ತದೆ.

ನನ್ನ ಕೈಯಲ್ಲಿ ಕಲಿತ ಒಬ್ಬ ರೈತನ ತಂದೆಗೆ ಹೃದಯದ ಶಸ್ತ್ರಕ್ರಿಯೆ ಆಗಬೇಕಾಯಿತು. ಮಗನು ಬೆಳಗಾವಿಯಲ್ಲಿ ನೌಕರಿಗೆ ಸೇರಿದ್ದರಿಂದ ಇವನ ಕಾರ್ಡು ರೇಖೆಯ ಮೇಲಕ್ಕೆ ಏರಿತ್ತು. ಎತ್ತಿನ ಜೋಡಿ ಮಾರಿ ಹಣ ತುಂಬಿದ. ಆಮೇಲೆ ಒಂದು ದಿವಸ ನಮ್ಮ ಕಟ್ಟೆಯ ಮೇಲೆ ಕೂತು ಹೇಳಿದ: “ಗುರುಗಳ, ಬಡವ ಅಂತ ಬರಸಾಕ ನಾಚಿಕಿ ಬರ್ತೈತ್ರಿ, ಸಾಹುಕಾರ ಅಂತ ಬರಕೊಂಡ್ರ ಊರ ಮಂದಿ ನಗತಾರ್ರಿ. ನಾವು ಯಾವ ಪೈಕಿರಿ?” ಅವನಿಗೆ ನಾನು ಉತ್ತರ ಕೊಡಲಿಲ್ಲ, ಚಹಾ ಕೊಟ್ಟೆ.

ಉತ್ತರವು ಬಹುಶಃ ನಮ್ಮ ನೆರೆಯಲ್ಲಿಯೇ ಇತ್ತು. ಹಿಂದೆ ಗೋಕಾಕ ರೋಡ್ ಎಂದು ಹೆಸರಿದ್ದ ಘಟಪ್ರಭಾ ಸ್ಟೇಶನ್ನಿನ ಊರು ಆರೋಗ್ಯದ ವಿಷಯದಲ್ಲಿ ಸಣ್ಣ ಊರಲ್ಲ. ಡಾ. ಕೊಕಟನೂರರು 1929ರಲ್ಲಿ ಕಟ್ಟಿದ, ಸೇವಾದಳದ ಡಾ. ನಾ. ಸು. ಹರ್ಡೀಕರರು ತಮ್ಮ ಬಾಳನ್ನು ಬೆರೆಸಿದ ಆರೋಗ್ಯಧಾಮವು ಅಲ್ಲಿದೆ. 1950ರಲ್ಲಿ ಅಲ್ಲಿಯೇ ಜೆ. ಜಿ. ಸಹಕಾರಿ ಆಸ್ಪತ್ರೆಯು ಹುಟ್ಟಿತು. ಏಷ್ಯಾಖಂಡದಲ್ಲಿಯೇ ಮೊದಲನೆಯ ಸಹಕಾರಿ ಆಸ್ಪತ್ರೆಯೆಂದು ಅದಕ್ಕೆ ಖ್ಯಾತಿ. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಾಲದ ಸಹಕಾರಿ ಸಂಘವನ್ನು ಕಟ್ಟಿದ, 1969ರಲ್ಲಿ ಹುಕ್ಕೇರಿಯಲ್ಲಿ ವಿದ್ಯುತ್ತಿಗೂ ಸಹಕಾರಿ ಸಂಘ ಮಾಡಿಕೊಂಡ ಸೀಮೆಯ ಜನರಿಗೆ ದವಾಖಾನೆಗೂ ಷೇರು ಕೊಳ್ಳುವುದು ವಿಚಿತ್ರವಾಗಿ ತೋರಿರಲಾರದು. ಷೇರುಳ್ಳವನು ಆಸ್ಪತ್ರೆಯ ಬಾಗಿಲಲ್ಲಿ ಯಾಚಕನೂ ಅಲ್ಲ, ಗಿರಾಕಿಯೂ ಅಲ್ಲ.

ಇದೇ ಬೀಜವು 2003ರಲ್ಲಿ ಯಶಸ್ವಿನಿಯಾಗಿ ರಾಜ್ಯದಲ್ಲೆಲ್ಲ ಹಬ್ಬಿತು. ಸಹಕಾರಿ ಸಂಘದ ಸದಸ್ಯನು ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ವಂತಿಗೆ ಕೊಟ್ಟರೆ ಶಸ್ತ್ರಕ್ರಿಯೆಯ ಭಾರ ಕೂಟದ್ದು. ಮೊದಲ ವರ್ಷವೇ ಸುಮಾರು 16 ಲಕ್ಷ ಜನರು ಸೇರಿದರು. 2018ರಲ್ಲಿ ಅದನ್ನು ನಿಲ್ಲಿಸಿ ಆರೋಗ್ಯ ಕರ್ನಾಟಕದಲ್ಲಿ ವಿಲೀನಗೊಳಿಸಲಾಯಿತು. 2022-23ರಲ್ಲಿ ಪುನಃ ಆರಂಭಿಸುವಾಗ ನಾಲ್ವರ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಗೊತ್ತುಪಡಿಸಿದರು. ಇಲ್ಲಿ ಯಾರೂ ‘ನೀನು ಬಡವನೋ?’ ಎಂದು ಕೇಳುವುದಿಲ್ಲ. ನೀರೋಗಿಯಾದವನು, ತಾನು ಮುಖವನ್ನೂ ಕಾಣದ ರೋಗಿಗಾಗಿ ತೆರುತ್ತಾನೆ. ಶರಣರು ದಾನವೆನ್ನದೆ ದಾಸೋಹವೆಂದದ್ದರ ಸೂಕ್ಷ್ಮ ಇಲ್ಲಿದೆ ಎಂದು ನನಗೆ ತೋರುತ್ತದೆ: ದಾನದಲ್ಲಿ ಕೊಟ್ಟವನ ಕೈ ಮೇಲೆ, ದಾಸೋಹದಲ್ಲಿ ಹಾಗಲ್ಲ.

ಇದಕ್ಕೆ ಆಕ್ಷೇಪವುಂಟು. ಕುಡಿದು ಯಕೃತ್ತು ಕೆಡಿಸಿಕೊಂಡವನಿಗಾಗಿ, ತಂಬಾಕು ಜಗಿದು ಬಾಯಿಹುಣ್ಣು ತಂದುಕೊಂಡವನಿಗಾಗಿ ಪಥ್ಯದಿಂದಿರುವ ನಾನೇಕೆ ಹಣ ತೆರಲಿ? ಪ್ರಾಮಾಣಿಕವಾದ ಪ್ರಶ್ನೆ, ಸಂಘದ ಸಭೆಗಳಲ್ಲಿ ಕೇಳಿದ್ದೇನೆ. ಅನೇಕ ರೋಗಗಳು ಪ್ರಜ್ಞಾಪರಾಧದಿಂದ, ಅಂದರೆ ಬುದ್ಧಿಗೇಡಿತನದಿಂದ ಹುಟ್ಟುವವೆಂದು ಚರಕನೂ ಒಪ್ಪುತ್ತಾನೆ. ಆದರೆ ಒಪ್ಪಿ ಸುಮ್ಮನಾಗದೆ, ಮದ್ಯಪಾನದಿಂದ ಬಂದ ರೋಗಕ್ಕೆ ಚಿಕಿತ್ಸಾಸ್ಥಾನದಲ್ಲಿ ಒಂದು ಇಡಿಯ ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಕಾರಣವನ್ನು ತಿಳಿಯುವುದು ಮದ್ದು ಕೊಡುವುದಕ್ಕೆ, ಬಾಗಿಲು ಮುಚ್ಚುವುದಕ್ಕಲ್ಲ. ಅದಲ್ಲದೆ, ಪಥ್ಯವೊಂದರಿಂದಲೇ ತಾನು ನೀರೋಗಿಯೆಂಬ ಅಭಿಮಾನವೂ ಅರೆಸತ್ಯವೇ. ಒಳ್ಳೆಯ ನೀರು, ಒಳ್ಳೆಯ ತಾಯಿ ಇವೂ ಬೇಕಾಗುತ್ತವೆ.

ಎರಡನೆಯ ಆಕ್ಷೇಪಕ್ಕೆ ಉತ್ತರ ಇಷ್ಟು ಸುಲಭವಲ್ಲ. ವಂತಿಗೆಯ ಕೂಟಕ್ಕೂ ಹೊಸಿಲುಂಟು. ಯಶಸ್ವಿನಿಗೆ ಸಹಕಾರಿ ಸಂಘದ ಸದಸ್ಯತ್ವ ಬೇಕು. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಬ್ಬಿನ ಗದ್ದೆಗಳಲ್ಲಿ ಬೆಳೆದವನು ಸದಸ್ಯನು. ಕಡಿಯುವವನು, ಹೆಡಿಗೆ ಹೊರುವವಳು ಹಂಗಾಮಿಗೊಂದು ಊರಿನವರು, ಯಾವ ಸಂಘದ ವಹಿಯಲ್ಲಿಯೂ ಅವರ ಹೆಸರಿರುವುದು ಅಪರೂಪ. ಅವರ ಪಾಲಿಗೆ ‘ಸದಸ್ಯ’ ಎಂಬ ಪದವೇ ವಾಗ್ಭಟನ ‘ಆಢ್ಯ’ ಪದವಾಗಿ ಕೂತಿದೆ. ಒಂದು ಹಂಗಾಮಿಗೆ ಟನ್ನಿಗಿಷ್ಟು ಎಂದು ಬೆಳೆಗಾರನ ಬಿಲ್ಲಿನಿಂದ ಮುರಿದುಕೊಂಡು, ಆ ಹಂಗಾಮಿನ ಕಡಿಯುವ ತಂಡದವರನ್ನು ಸದಸ್ಯರನ್ನಾಗಿ ಬರೆದುಕೊಳ್ಳಲು ಅಡ್ಡಿಯೇನು ಎಂಬುದನ್ನು ನಮ್ಮ ಸಂಘಗಳ ಪಂಚರು ಬರುವ ವಾರ್ಷಿಕ ಸಭೆಯಲ್ಲಿಯೇ ಚರ್ಚೆಗೆ ತೆಗೆದುಕೊಳ್ಳಲಿ.